ಮಾನಿಟರಿನ ಮೂಲೆಯ ನೇರಳೆ ಕಲೆ

ಕೆಲವರಿಗೆ ಹೋದಲ್ಲೆಲ್ಲ ಸ್ನೇಹಿತರು ಸಿಗುತ್ತಾರೆ, ಕೆಲವರಿಗೆ ನೆಂಟರು. ನನಗೆ ಹೋದಲ್ಲೆಲ್ಲ ಸಿಗುವುದು ಕೆಟ್ಟ ಮಾನಿಟರು. ಪುಣೆಯಲ್ಲಿ ಸಿಕ್ಕಿದ್ದು ಮಲೇರಿಯಾ ಬಂದವರಂತೆ ನಡುಗುತ್ತಿತ್ತು. ಮಸ್ಕತ್ತಿನದು ಎಲ್ಲವನ್ನೂ ಹಸಿರಾಗಿ ತೋರಿಸುತ್ತಿತ್ತು, ಆ ಮರುಭೂಮಿಯಲ್ಲಿ ಅದೊಂದೇ ಹಸಿರು. ಕೊಯಮತ್ತೂರಿನದಕ್ಕೆ ನೆತ್ತಿಯ ಮೇಲೆ ಎರಡು ತಟ್ಟಿದರೆ ಮಾತ್ರ ಎಚ್ಚರವಾಗುತ್ತಿತ್ತು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದು, ವಸ್ತುಗಳ ವಿನ್ಯಾಸ ಮಾಡುವುದು ನನ್ನ ಕಸುಬು. ಅಂದರೆ ಇಡೀ ದಿನ ಗಾಜನ್ನು ದಿಟ್ಟಿಸಿಕೊಂಡು ಕೂರುವುದು. ಊರೂರು ಸುತ್ತಿದ್ದೀರಿ, ಏನೇನು ನೋಡಿದಿರಿ ಅಂತ ಜನ ಆಸೆಯಿಂದ ಕೇಳುತ್ತಾರೆ. ನೋಡಿದ್ದನ್ನು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಆದರೆ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಹೆದ್ದಾರಿಯ ಪಕ್ಕದ ಒಂದು ಮರದ ಆಟಿಕೆ ಕಾರ್ಖಾನೆಯಲ್ಲಿ ನಾನು ಕಂಡದ್ದಕ್ಕೆ ಸಾಟಿಯಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷ. ಹಾರೋಹಳ್ಳಿ ಕಡೆ ದಿನಕ್ಕೊಂದು ಶೆಡ್ಡು ಏಳುತ್ತಿತ್ತು, ಹಿಪ್ಪುನೇರಳೆ ತೋಟದ ಮಧ್ಯದಲ್ಲಿ 'ಇಂಡಸ್ಟ್ರೀಸ್' ಅಂತ ಬೋರ್ಡು ಕಾಣುತ್ತಿತ್ತು. ಕಾರ್ಖಾನೆಯ ಯಜಮಾನರು ಅಲ್ಲಿಯವರೆಗೆ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದವರು. ಗೊಂಬೆಗಳನ್ನು ಫಾರಿನ್ನಿಗೆ ಕಳಿಸಿದರೆ ಲಾಭ ಅಂತ ಯಾರೋ ಕಿವಿಯಲ್ಲಿ ಊದಿದ್ದರು. ಫಾರಿನ್ನಿನವರು ಕಂಪ್ಯೂಟರ್ ಡ್ರಾಯಿಂಗ್ ಕೇಳುತ್ತಾರೆ ಅಂತ ಗೊತ್ತಾದ ಮೇಲೆ ನನ್ನನ್ನು ಕರೆಸಿಕೊಂಡರು.

ನಾನು ಅವರಲ್ಲಿ ಕೇಳಿದ್ದು ಒಂದೇ, ನೋಡುವ ಹಾಗಿರುವ ಒಂದು ಮಾನಿಟರು. ಕೇಳಿದ ತಪ್ಪಿಗೆ ಆದದ್ದೆಲ್ಲ ಇಲ್ಲಿದೆ. ನಗು ಬಂದರೆ ನಕ್ಕುಬಿಡಿ. ನನಗಿನ್ನೂ ಪೂರ್ತಿ ಬಂದಿಲ್ಲ.

ಬಿದ್ದ ಪೆಟ್ಟು

ಮೊದಲ ದಿನ ನನ್ನ ಮೇಜಿನ ಮೇಲಿದ್ದದ್ದು ಹದಿನಾಲ್ಕು ಇಂಚಿನ, ಬೆನ್ನು ಗೂನಾದ, ಹಳೆಯ ಕಾಲದ ಮಾನಿಟರು. ಕನಕಪುರದಲ್ಲಿ ಯಜಮಾನರ ಭಾಮೈದ ಒಂದು ಬ್ರೌಸಿಂಗ್ ಸೆಂಟರ್ ಇಟ್ಟು ಮುಚ್ಚಿದ್ದರಂತೆ. ಅಲ್ಲಿಂದ ಪ್ರೈವೇಟ್ ಬಸ್ಸಿನ ಟಾಪಿನಲ್ಲಿ, ಸೊಪ್ಪಿನ ಮೂಟೆಗಳ ನಡುವೆ ಇದರ ಸವಾರಿ ಬಂದಿತ್ತು. ದಾರಿಯಲ್ಲೊಂದು ರೋಡ್ ಹಂಪಿನ ಮೇಲೆ ಬಸ್ಸು ಎಗರಿದಾಗ ಮೂಟೆಗಳು ಉಳಿದುಕೊಂಡವು, ಇದು ಮಾತ್ರ ಕೆಳಗೆ ಬಿತ್ತು. ಬಿದ್ದರೂ ಒಡೆಯಲಿಲ್ಲ. ಒಡೆದಿದ್ದರೆ ನಾನು ಇಷ್ಟೆಲ್ಲ ಬರೆಯಬೇಕಾಗಿರಲಿಲ್ಲ.

ಹಾಕಿ ನೋಡಿದರೆ ಬಲಗಡೆ ಮೇಲಿನ ಮೂಲೆಯಲ್ಲಿ ಅಂಗೈ ಅಗಲದ ನೇರಳೆ ಕಲೆ. ಅದರ ಅಂಚಿಗೆ ಕೊಳೆತ ಹಸಿರು. ಪರದೆಯಲ್ಲಿ ಏನನ್ನೇ ಆ ಮೂಲೆಗೆ ಒಯ್ದರೂ ಅದಕ್ಕೆ ಅದೇ ಬಣ್ಣ. ಯಜಮಾನರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ, ಮಗುವಿನ ಮೊಣಕಾಲು ನೋಡುವವರ ಹಾಗೆ ನೋಡಿದರು.

"ಬಿದ್ದಿರೋ ಪೆಟ್ಟು ಮೇಡಂ. ನಾನೂ ಮಾರ್ಕೆಟ್‌ನಾಗೆ ಜಾರಿಬಿದ್ದಾಗ ಇಂಗೇ ನೇರಳೆ ಆಗ್ಬುಟ್ಟಿತ್ತು. ಒಂದ್ ವಾರದಾಗೆ ತಾನೇ ಕರಗೋಯ್ತು."

ವಾರವಾಯಿತು, ತಿಂಗಳಾಯಿತು. ಆಗಾಗ ಬಾಗಿಲಲ್ಲಿ ನಿಂತು, ಕರಗ್ತಾ ಐತಾ ಅಂತ ವಿಚಾರಿಸಿಕೊಂಡು ಹೋಗುತ್ತಿದ್ದರು. ನನ್ನ ಮಾನಿಟರಿಗೆ ಸಿಕ್ಕ ಏಕೈಕ ಸರ್ವೀಸು ಅದೇ, ಯೋಗಕ್ಷೇಮ ವಿಚಾರಣೆ.

ಮುರಿದ ಗೆರೆ

ಆ ಕಾಲದ ಮಾನಿಟರುಗಳ ಬೆನ್ನು ಒಲೆಯ ಹಾಗೆ ಕಾಯುತ್ತಿತ್ತು. ನಮ್ಮ ಆಫೀಸಿನಲ್ಲಿ ಅದನ್ನು ಒಲೆಯೆಂದೇ ಬಳಸುತ್ತಿದ್ದರು. ಚಳಿಗಾಲ ಶುರುವಾದದ್ದೇ ಅಟೆಂಡರಮ್ಮ ತನ್ನ ಮುದ್ದೆಯ ಡಬ್ಬಿಯನ್ನು ಅದರ ಮೇಲಿಟ್ಟಳು. ಆಮೇಲೆ ನಮ್ಮ ಅಕೌಂಟೆಂಟರು ಬಟ್ಟೆಯಲ್ಲಿ ಸುತ್ತಿದ ಚಪ್ಪಟೆಯದೊಂದನ್ನು ಇಟ್ಟರು. ಚಪಾತಿ ಇರಬೇಕು ಅಂದುಕೊಂಡೆ. ಮಾರನೇ ದಿನವೂ ಇತ್ತು, ಅದರ ಮಾರನೇ ದಿನವೂ. ಇವರಿಗೇಕೆ ಹಸಿವಾಗುತ್ತಿಲ್ಲ ಅಂತ ಒಂದು ಸಲ ಅನ್ನಿಸಿತ್ತು, ಕೇಳಲಿಲ್ಲ.

ಆ ಹೊತ್ತಿಗೆ ನನ್ನ ಕಣ್ಣು ಸೋತಿತ್ತು. ಮಧ್ಯಾಹ್ನವಾದರೆ ನೀರು, ಸಂಜೆಗೆ ತಲೆಸಿಡಿತ. ಒಂದು ಬೆಳಿಗ್ಗೆ ಬಂದು ಕೂತು, ಕಪ್ಪು ಪರದೆಯ ಮೇಲೆ ಬಿಳಿ ಗೆರೆ ಎಳೆದೆ. ಗೆರೆ ನಡುವೆ ಮುರಿದಿತ್ತು. ಅಳಿಸಿ ಮತ್ತೆ ಎಳೆದೆ. ಈ ಸಲ ಇನ್ನೊಂದು ಕಡೆ ಮುರಿಯಿತು. ಕಣ್ಣುಜ್ಜಿಕೊಂಡೆ, ಮುಖ ತೊಳೆದು ಬಂದೆ. ಈಗ ಹತ್ತಾರು ಕಡೆ ಮುರುಕು. ಆಯಿತು, ಕಣ್ಣು ಹೋಯಿತು, ಇನ್ನು ಈ ಕಸುಬೂ ಹೋಯಿತು ಅಂದುಕೊಂಡೆ. ಒಂದು ಗೆರೆಯನ್ನು ಆರಿಸಿ ಡಿಲೀಟ್ ಒತ್ತಿದೆ.

ಗೆರೆ ಹೋಯಿತು. ಮುರುಕು ನಡೆದುಕೊಂಡು ಪಕ್ಕದ ಗೆರೆಗೆ ಹೋಯಿತು.

ನಾನು ಕಿರುಚಿದ್ದಕ್ಕೆ ಅಕೌಂಟೆಂಟರು ಓಡಿ ಬಂದರು. ನನ್ನನ್ನು ನೋಡಲಿಲ್ಲ. "ಊದ್ಬೇಡಿ ಮೇಡಂ, ಕೈ ಹಾಕ್ಬೇಡಿ, ಮೊಟ್ಟೆ ಒಡದ್ಬುಟ್ಟವೆ" ಅನ್ನುತ್ತ ಬಟ್ಟೆಯ ಗಂಟು ಬಿಚ್ಚಿದರು. ಒಳಗಿದ್ದದ್ದು ರೇಷ್ಮೆಹುಳುವಿನ ಮೊಟ್ಟೆಯ ಹಾಳೆ. ಮಾಗಡಿ ರಸ್ತೆಯ ಅವರ ಹಳ್ಳಿಯಲ್ಲಿ ಆ ವರ್ಷ ಚಳಿ ಜಾಸ್ತಿಯಂತೆ, ಮೊಟ್ಟೆಗೆ ಶಾಖ ಸಾಲದಂತೆ. ಮರಿ ಹುಳುಗಳು ಇರುವೆಯಷ್ಟೇ ಸಣ್ಣಗೆ, ಕಪ್ಪಗೆ, ನನ್ನ ನಕ್ಷೆಯ ಮೇಲೆಲ್ಲ ಹರಡಿದ್ದವು. ಅಕೌಂಟೆಂಟರು ಕೋಳಿಪುಕ್ಕದಿಂದ ಒಂದೊಂದನ್ನೇ ಸವರಿ ಇಳಿಸಿದರು. ಸಣ್ಣಗೆ ಹೆಚ್ಚಿದ ಎಳೇ ಸೊಪ್ಪನ್ನು ಕೀಬೋರ್ಡಿನ ಮೇಲೆ ಉದುರಿಸಿದರು. ಮಧ್ಯಾಹ್ನದವರೆಗೆ ನನಗೆ ಕೆಲಸವಿಲ್ಲ.

ಯಜಮಾನರು ಬಂದರು. ಈಗ ಬೈತಾರೆ, ಈಗಲಾದರೂ ಈ ಪೆಟ್ಟಿಗೆ ಬದಲಾಗುತ್ತೆ ಅಂತ ಕಾದೆ. ಅವರು ಹಳೇ ರೇಷ್ಮೆ ಕುಳ. ಬಗ್ಗಿ ಹುಳು ನೋಡಿದರು, ಯಾವ ತಳಿ ಅಂತ ಕೇಳಿದರು, ಮಾನಿಟರಿನ ಬೆನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಣ್ಣುಮುಚ್ಚಿ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದೂ ಸತ್ತಿಲ್ಲ ನೋಡಿ ಮೇಡಂ. ಇಂಥ ಮಿಷನ್ನ ಕೆಟ್ಟೋಗೈತೆ ಅಂತೀರಲ್ಲ."

ದೂರದ ಬೆಟ್ಟ

ಕಣ್ಣಿನ ಡಾಕ್ಟರರ ಹತ್ತಿರ ಹೋದೆ. ಪರದೆ ಬದಲಾಯಿಸಿ, ಆಗದಿದ್ದರೆ ಕೆಲಸ ಬದಲಾಯಿಸಿ, ಎರಡೂ ಮಾಡದಿದ್ದರೆ ಇನ್ನು ಸ್ವಲ್ಪ ಕಾಲಕ್ಕೆ ಕಣ್ಣೇ ಇದನ್ನು ತೀರ್ಮಾನ ಮಾಡುತ್ತೆ ಅಂದರು. ಅಲ್ಲಿಯವರೆಗೆ ಆಗಾಗ ತಲೆಯೆತ್ತಿ ದೂರದ್ದೇನನ್ನಾದರೂ ನೋಡುತ್ತಿರಿ, ಕಣ್ಣಿಗೆ ವಿಶ್ರಾಂತಿ ಅಂತ ಸೇರಿಸಿದರು.

ನನ್ನ ಕಿಟಕಿಯಿಂದ ರಾಮನಗರದ ಬೋಳು ಬೆಟ್ಟವೊಂದು ಕಾಣುತ್ತಿತ್ತು. ಅದನ್ನೇ ನೋಡತೊಡಗಿದೆ. ಮೇಡಂ ಏನು ಮಾಡ್ತಾವ್ರೆ ಅಂತ ಯಜಮಾನರು ಕೇಳಿದಾಗೆಲ್ಲ ಅಟೆಂಡರಮ್ಮ, ಬೆಟ್ಟ ನೋಡ್ತಾವ್ರೆ ಅಂತ ನಿಜವನ್ನೇ ಹೇಳುತ್ತಿದ್ದಳು. ಕೊನೆಗೆ ಅವರೇ ಬಂದರು. ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿದೆ. ಮಾನಿಟರಿನ ವಿಷಯಕ್ಕೆ ಅವರಿಗೆ ಕಿವಿ ಕೇಳಿಸಲಿಲ್ಲ. ಬೆಟ್ಟದ ವಿಷಯ ಮಾತ್ರ ಮನಸ್ಸಿಗೆ ತಾಗಿತು. ನೀವು ಹಿಂಗೆ ಕಿಟಕಿಯಾಚೆ ನೋಡುತ್ತ ಕೂತರೆ ಮರ ಕಡೆಯುವ ಲೇತಿನ ಮೇಲಿರುವವರೂ ಕೆಲಸ ಬಿಟ್ಟು ಅಲ್ಲೇನಿದೆ ಅಂತ ನೋಡುತ್ತಾರೆ, ಬೆರಳು ಹೋಗುತ್ತೆ ಅಂದರು. ಅದೂ ಸರಿಯೇ.

ಮಾರನೇ ದಿನ ಕಿಟಕಿಗೆ ಪರದೆ ಬಂದಿತ್ತು. ಮಾನಿಟರಿನ ಹಿಂದಿನ ಗೋಡೆಗೆ, ನನ್ನ ಮೂಗಿನಿಂದ ಎರಡು ಮೊಳ ದೂರದಲ್ಲಿ, ಮಾಗಡಿಯ ಯಾವುದೋ ಗೊಬ್ಬರದ ಅಂಗಡಿಯ ಕ್ಯಾಲೆಂಡರು ತೂಗುತ್ತಿತ್ತು. ಅದರ ತುಂಬ ಸಾವನದುರ್ಗದ ಚಿತ್ರ.

"ಅದು ಸಣ್ ಗುಡ್ಡ ಮೇಡಂ, ಇಲ್ಲೇ ಪಕ್ಕದಾಗೈತೆ" ಅಂದರು ಯಜಮಾನರು. "ಸಾವನದುರ್ಗ ಅಂದ್ರೆ ಮಾಗಡಿ ತಾವ. ಎಷ್ಟ್ ದೂರ ಬೇಕೋ ಅಷ್ಟ್ ದೂರ ನೋಡ್ಕಳಿ."

ಟೇಪು

ಫಾರಿನ್ನಿನ ಪಾರ್ಟಿಯೊಬ್ಬರು ನಮ್ಮ ಸ್ಯಾಂಪಲ್ ನೋಡಲು ಒಪ್ಪಿದ್ದಾರೆ ಅನ್ನುವ ಸುದ್ದಿ ಬಂದ ಮೇಲೆ ಯಜಮಾನರು ಕರಗಿದರು. ಡ್ರೈವರ್ ಓಡಿಸುವ ಅವರ ಜೀಪಿನಲ್ಲಿ, ಕಂಪ್ಯೂಟರ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಪಾಠ ಮಾಡಿದೆ. ಗೆರೆ ನೇರವಾಗಿ ಕಾಣಬೇಕು, ವೃತ್ತ ಮೊಟ್ಟೆಯಾಗಬಾರದು, ಪರದೆ ನಡುಗಬಾರದು, ಬಣ್ಣ ಇದ್ದದ್ದು ಇದ್ದ ಹಾಗೆ ಬರಬೇಕು. ಅವರು ಪ್ರತಿಯೊಂದಕ್ಕೂ ಹ್ಞೂಂಗುಟ್ಟಿದರು. ಕೆಂಗೇರಿ ದಾಟುವ ಹೊತ್ತಿಗೆ ಹ್ಞೂಂ ಗೊರಕೆಯಾಗಿತ್ತು.

ಅಂಗಡಿಯಲ್ಲಿ ನಾನು ಆರಿಸಿದ್ದು ಹದಿನೇಳು ಇಂಚಿನ, ದಪ್ಪ ಬೆನ್ನಿನದು. ಬಣ್ಣದ ಕೆಲಸಕ್ಕೆ ಆಗ ಅದೇ ಒಳ್ಳೆಯದು. ಯಜಮಾನರು ಜೇಬಿನಿಂದ ಟೇಪು ತೆಗೆದರು. ಅಡ್ಡ ಅಳೆದರು, ಉದ್ದ ಅಳೆದರು. ಮೂಲೆಯಿಂದ ಮೂಲೆಗೆ ಅಳೆಯಬೇಕು ಅಂತ ಅಂಗಡಿಯವನು ಹೇಳಿದ ಮೇಲೆ ಹಾಗೂ ಅಳೆದರು. ಹದಿನೇಳು ಬರಲಿಲ್ಲ. ಹದಿನಾರೂ ತುಂಬಲಿಲ್ಲ.

ಉಳಿದದ್ದು ಡಬ್ಬಿಯ ಒಳಗಿದೆ ಸಾರ್, ಅಂಚು ಮುಚ್ಚಿಕೊಂಡಿರುತ್ತೆ, ಎಲ್ಲ ಕಂಪನಿಯವರೂ ಹಾಗೇ ಹೇಳೋದು ಅಂದ ಅವನು. ನಿಜವನ್ನೇ ಹೇಳಿದ, ಪಾಪ. ನಾನೂ ಹೌದು ಅಂದೆ. ಯಜಮಾನರು ನನ್ನನ್ನು, ಅವನ ಕಡೆ ಸೇರಿಕೊಂಡುಬಿಟ್ಟಿರಾ ಅನ್ನುವ ಹಾಗೆ ನೋಡಿದರು.

"ರೇಷ್ಮೆಗೂಡಿನ ಜೊತೆ ಕುಕ್ಕೆ ಬುಟ್ಟೀನೂ ತೂಗ್ದಂಗಾಯ್ತು. ನಮ್ ಮಾರ್ಕೆಟ್‌ನಾಗೆ ಇಂಗ್ ಮಾಡಿದ್ರೆ ಒದೀತಾರೆ ಕಣಯ್ಯಾ. ಒಳಗೈತೆ ಅಂದ್ಯಲ್ಲ, ಬಿಚ್ಚಿ ತೋರ್ಸು."

ಅವನು ಬಿಚ್ಚಲಿಲ್ಲ. ಜಗಳ ಬೇಡವೆಂದು ಆಗ ಹೊಸದಾಗಿ ಬಂದಿದ್ದ ಚಪ್ಪಟೆ ಮಾನಿಟರು ತಂದಿಟ್ಟ. ಟೇಪು ಹಿಡಿದರೆ ಹೇಳಿದಷ್ಟೂ ಸರಿಯಾಗಿತ್ತು. ಯಜಮಾನರು ಅದನ್ನು ಒಂದೇ ಕೈಯಲ್ಲಿ ಎತ್ತಿ, ತೂಕವೇ ಇಲ್ಲ, ಒಳಗೆ ಏನೂ ಹಾಕಿಲ್ಲ ಅಂದರು. ಇದರಲ್ಲಿ ಗೆರೆ ಚೆನ್ನಾಗಿ ಕಾಣುತ್ತೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಬದಲಾಗುತ್ತೆ ಅಂತ ನಾನು ಎಚ್ಚರಿಸಿದೆ. ಅವರು ಪಕ್ಕಕ್ಕೆ ಸರಿದು ನೋಡಿದರು, ಕುಕ್ಕರುಗಾಲಲ್ಲಿ ಕೂತು ನೋಡಿದರು, ಅಂಗಡಿಯ ಸ್ಟೂಲು ಹತ್ತಿ ಮೇಲಿನಿಂದ ನೋಡಿದರು. ಸ್ಟೂಲಿನ ಮೇಲಿದ್ದಾಗಲೇ ಅಂಗಡಿಯವನು ಮೆಲ್ಲಗೆ, ದೊಡ್ಡ ದೊಡ್ಡ ಕಂಪನಿ ಓನರುಗಳೆಲ್ಲ ಇದನ್ನೇ ತಮ್ಮ ಟೇಬಲ್ ಮೇಲೆ ಇಡುತ್ತಾರೆ ಅಂದ.

ಯಜಮಾನರು ಇಳಿದರು. ಅದನ್ನೇ ಕೊಂಡರು. ವಾಪಸು ಬರುವಾಗ ತೊಡೆಯ ಮೇಲೆ ಮಲಗಿಸಿಕೊಂಡು, ಗುಂಡಿ ಬಂದಲ್ಲೆಲ್ಲ ಅದರ ನೆತ್ತಿಗೆ ಕೈ ಅಡ್ಡ ಹಿಡಿದರು. ನನ್ನ ನೆತ್ತಿ ಜೀಪಿನ ಕಂಬಿಗೆ ಬಡಿಯಿತು. ನನಗಾಗಿ ಕೊಂಡ ಮಾನಿಟರನ್ನು ನಾನು ಮುಟ್ಟಿದ್ದು ಆ ಅಂಗಡಿಯಲ್ಲೇ ಕೊನೆ.

ಆಯುಧಪೂಜೆ

ಅದು ಯಜಮಾನರ ಮೇಜಿನ ಮೇಲೆ ಕೂತಿತು. ಅವರ ಹತ್ತಿರ ಕಂಪ್ಯೂಟರು ಇರಲಿಲ್ಲ, ಮಾನಿಟರು ಮಾತ್ರ ಇತ್ತು. ಕರೆಂಟು ಕೊಟ್ಟರೆ 'ಸಿಗ್ನಲ್ ಇಲ್ಲ' ಅನ್ನುವ ಇಂಗ್ಲಿಷ್ ಪೆಟ್ಟಿಗೆಯೊಂದು ಪರದೆಯ ಮೇಲೆ ಮೀನಿನ ಹಾಗೆ ಅಲೆಯುತ್ತಿತ್ತು. ಅದೇನು ಅಂತ ಬಂದವರು ಕೇಳಿದರೆ, ಫಾರಿನ್ ಆರ್ಡರ್ ಹುಡುಕ್ತಾ ಐತೆ ಅನ್ನುತ್ತಿದ್ದರು.

ನಾನು ಬಿಡಲಿಲ್ಲ. ಕೇಳಿ ಕೇಳಿ ಸಾಕಾಗಿಸಿದೆ. ಆಯುಧಪೂಜೆ ಒಂದು ಆಗಲಿ, ಪೂಜೆ ಮಾಡಿಸಿಯೇ ನಿಮ್ಮ ಟೇಬಲಿಗೆ ಕೊಡ್ತೀನಿ ಅಂತ ಮಾತು ಕೊಟ್ಟರು. ಹಬ್ಬದ ದಿನ ಲೇತುಗಳಿಗೆ ಬಾಳೆಕಂದು ಕಟ್ಟಿದರು, ಜೀಪಿಗೆ ಹೂವಿನ ಹಾರ, ಗೇಟಿಗೆ ಕುಂಬಳಕಾಯಿ. ಅಟೆಂಡರಮ್ಮ ಹೊಸ ಮಾನಿಟರಿನ ಪರದೆಯ ಮೇಲೆ ಅಂಚಿನಿಂದ ಅಂಚಿಗೆ ವಿಭೂತಿ ಬಳಿದು, ಗಂಧವಿಟ್ಟು, ನಟ್ಟನಡುವೆ ಕುಂಕುಮ ಹಚ್ಚಿದಳು. ಅಷ್ಟು ಅಗಲದ ಹಣೆ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಾರನೇ ಬೆಳಿಗ್ಗೆ ನಾನು ಬರುವಷ್ಟರಲ್ಲಿ, ಮೇಡಂಗೆ ಕೊಡೋದು ಚೊಕ್ಕಟವಾಗಿರಲಿ ಅಂತ ಅದನ್ನು ತೊಳೆದಿಟ್ಟಿದ್ದಳು. ದೀಪದ ಕಂಬ ತೊಳೆಯುವ ಹಾಗೆಯೇ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದ್ದಳು. ಕಡೆಗೊಂದು ಚೊಂಬು ನೀರು. ಅರ್ಧ ಪರದೆ ಕಪ್ಪಾಗಿತ್ತು, ಇನ್ನರ್ಧದಲ್ಲಿ ಗೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಯಜಮಾನರು ಸಿಟ್ಟಾಗಲಿಲ್ಲ. ದೇವರ ಕೆಲಸದಲ್ಲಿ ಆದದ್ದು, ತಪ್ಪು ಅನ್ನೋ ಹಂಗಿಲ್ಲ ಅಂದರು.

ನನ್ನ ಕೋಣೆಗೆ ವಾಪಸು ಬಂದೆ. ಹಳೆಯ ಮಾನಿಟರಿಗೂ ಒಂದು ಸೇವಂತಿಗೆ ಸಿಕ್ಕಿತ್ತು, ಆದರೆ ಮುಖ ಖಾಲಿ. ಇದಕ್ಕೇಕೆ ಕುಂಕುಮ ಹಚ್ಚಿಲ್ಲ ಅಂತ ಕೇಳಿದೆ.

"ಅದ್ಕೆ ಮೊದ್ಲೇ ಹಚ್ಚೈತಲ್ಲ ಮೇಡಮ್ಮೋರೆ" ಅಂದಳು, ಮೂಲೆಯ ನೇರಳೆ ತೋರಿಸಿ.

ಬಾತುಕೋಳಿ

ಆ ಫಾರಿನ್ನಿನ ಪಾರ್ಟಿಗಾಗಿ ನಾನು ಬರೆದದ್ದು ದಾರ ಕಟ್ಟಿ ಎಳೆಯುವ, ಚಕ್ರದ ಬಾತುಕೋಳಿ. ಮೈಯೆಲ್ಲ ಹಳದಿ, ಕೊಕ್ಕು ಕೆಂಪು. ಅದಕ್ಕಿಂತ ಸರಳವಾದದ್ದನ್ನು ನನ್ನ ಜನ್ಮದಲ್ಲಿ ಬರೆದಿಲ್ಲ, ಯಾಕೆಂದರೆ ಅದಕ್ಕಿಂತ ಹೆಚ್ಚಿನದು ನನಗೆ ಕಾಣುತ್ತಿರಲಿಲ್ಲ. ಬಣ್ಣದ ಪ್ರಿಂಟರಿಗೆ ಇಂಕು ದುಬಾರಿ ಅಂತ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಚನ್ನಪಟ್ಟಣದಿಂದ ಬಣ್ಣದ ಮೇಸ್ತ್ರಿ ಬಂದು, ಅರಗಿನ ಬಣ್ಣದ ಕಡ್ಡಿಗಳನ್ನು ಮಾನಿಟರಿನ ಗಾಜಿಗೇ ಹಿಡಿದು, ಯಾವುದು ಹೊಂದುತ್ತೋ ಅದನ್ನು ಆರಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಗೊಂಬೆ ಲೇತಿನ ಮೇಲೆ ತಿರುಗುವಾಗ ಆ ಕಡ್ಡಿ ಒತ್ತಿದರೆ ಅರಗು ಕರಗಿ ಬಣ್ಣ ಹತ್ತುತ್ತದೆ. ಅವರು ಬಂದಾಗ ನಾನು ಪಕ್ಕದಲ್ಲಿ ನಿಂತು, ಮೂಲೆಯ ಬಣ್ಣ ಲೆಕ್ಕಕ್ಕಿಲ್ಲ ಅಂತ ಹೇಳಿ ಚಿತ್ರವನ್ನು ನಡುವಿಗೆ ಎಳೆದು ತೋರಿಸುತ್ತಿದ್ದೆ.

ಆ ಸಲ ನಾನು ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದೆ. ಮೇಸ್ತ್ರಿಯೂ ಹೊಸಬರು. ಪರದೆಯಲ್ಲಿ ಬಾತುಕೋಳಿಯ ತಲೆ ಸರಿಯಾಗಿ ಬಲಗಡೆ ಮೇಲಿನ ಮೂಲೆಗೆ ಬಂದಿತ್ತು. ತಲೆ ನೇರಳೆ ಮಾಡಬೇಕಾ, ಕುತ್ತಿಗೆ ಈ ಥರಾ ಹಸಿರು ಹಳದಿ ಕಲೆಸಿದಂಗೆ ಬರಬೇಕಾ ಅಂತ ಅವರು ಯಜಮಾನರನ್ನು ಕೇಳಿದರಂತೆ. ಯಜಮಾನರು ಕೊಟ್ಟ ಉತ್ತರವನ್ನು ಅಟೆಂಡರಮ್ಮ ನನಗೆ ಆಮೇಲೆ ಅವರದೇ ದನಿಯಲ್ಲಿ ಹೇಳಿ ತೋರಿಸಿದಳು.

"ನಮ್ ಮೇಡಂ ದೇಸ ದೇಸ ಸುತ್ತವ್ರೆ. ಸುಮ್ಕೆ ಹಾಕಿರ್ತಾರಾ? ಎಂಗೈತೋ ಅಂಗೇ ಮಾಡ್ರಿ."

ನನ್ನ ಮೇಲೆ ಅವರಿಗೆ ಅಷ್ಟು ಗೌರವವಿತ್ತು ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಮೇಸ್ತ್ರಿ ಮೈ ಹಳದಿ ಮಾಡಿ, ಕುತ್ತಿಗೆಯಲ್ಲಿ ಅದನ್ನು ಹಸಿರಿಗೆ ತಿರುಗಿಸಿ, ನೆತ್ತಿಗೆ ಹೋಗುವಷ್ಟರಲ್ಲಿ ಅಚ್ಚುಕಟ್ಟಾದ ನೇರಳೆಗೆ ಮುಟ್ಟಿಸಿದ್ದರು. ನಾನು ವಾಪಸು ಬರುವಷ್ಟರಲ್ಲಿ ಸ್ಯಾಂಪಲು ವಿಮಾನ ಹತ್ತಿತ್ತು. ಉಳಿದಿದ್ದ ಒಂದನ್ನು ನೋಡಿದೆ. ಯಾರೋ ತಲೆಗೆ ಹೊಡೆದು ಕಳಿಸಿದ ಬಾತುಕೋಳಿ.

ಅದು ಮಾನಿಟರಿನ ಕಲೆಯ ಬಣ್ಣ ಅಂತ ತಿಳಿದಾಗ ಯಜಮಾನರು ಕೂಗಾಡಲಿಲ್ಲ, ಕುರ್ಚಿಯಲ್ಲಿ ಕುಸಿದರು. ಆಮೇಲೆ, ಬಂದಾಗಿನಿಂದ ನಾನು ಅವರ ಬಾಯಿಂದ ಕೇಳಲು ಕಾದಿದ್ದ ಮಾತನ್ನು ಹೇಳಿದರು. ಆರ್ಡರು ತಪ್ಪಿಹೋದರೆ ಆ ಪೆಟ್ಟಿಗೆಯನ್ನು ನಾನೇ ಎತ್ತಿ ಅರ್ಕಾವತಿ ಹೊಳೆಗೆ ಎಸೆಯುತ್ತೇನೆ, ನೀವು ತೋರಿಸಿದ ಮಾನಿಟರನ್ನೇ ತಂದುಕೊಡುತ್ತೇನೆ ಅಂತ ದೇವರ ಪಟ ಮುಟ್ಟಿದರು.

ಇಡೀ ಕಾರ್ಖಾನೆ ಆರ್ಡರು ಬರಲಿ ಅಂತ ಹರಕೆ ಹೊತ್ತಿತು. ಬಾರದಿರಲಿ ಅಂತ ಕೈಮುಗಿದವಳು ನಾನೊಬ್ಬಳೇ. ನಾಚಿಕೆಯೇನೂ ಆಗಲಿಲ್ಲ. ಬೇರೆಯವರದು ಹೊಟ್ಟೆಪಾಡಾದರೆ ನನ್ನದು ಕಣ್ಣು.

ಉತ್ತರ ಬಂತು. ಬಾತುಕೋಳಿಯ ಆಕಾರದ ಬಗ್ಗೆ ಅವರು ಒಂದು ಮಾತೂ ಬರೆದಿರಲಿಲ್ಲ. ಇಂಥ ಬಣ್ಣವನ್ನು ಎಲ್ಲೂ ನೋಡಿಲ್ಲ, ಅದ್ಭುತ, ಎಷ್ಟು ಮಾಡಿಕೊಡಬಲ್ಲಿರಿ, ಕುದುರೆಗೂ ರೈಲಿಗೂ ಇದೇ ಬಣ್ಣ ಬೇಕು ಅಂತ ಬರೆದಿದ್ದರು. ಯಜಮಾನರು ನೆಟ್ಟಗೆ ನನ್ನ ಕೋಣೆಗೆ ಬಂದು ಮಾನಿಟರಿಗೆ ಹಾರ ಹಾಕಿದರು. ಅದೇ ವಾರ ಅದಕ್ಕೊಂದು ಯುಪಿಎಸ್ ಬಂತು, ಕೋಣೆಗೆ ಬೀಗ ಬಂತು. ನಾನು ಫ್ಯಾನು ಕೇಳಿ ವರ್ಷವಾಗಿತ್ತು, ಅದೂ ಬಂತು. ಅದರ ಮುಖ ಮಾನಿಟರಿನ ಕಡೆಗಿತ್ತು.

ನಾನು ಅವರೆದುರು ನಿಂತು ಕೊನೆಯ ಸಲ ಕೇಳಿದೆ. ಈ ಪೆಟ್ಟಿಗೆ ಬಣ್ಣಕ್ಕಿರಲಿ, ಪೂಜೆಗಿರಲಿ, ನನಗೆ ಕೆಲಸಕ್ಕೆ ಬೇರೆಯದು ಕೊಡಿ, ಇಲ್ಲವಾದರೆ ಹೊರಟೆ ಅಂದೆ. ಅವರ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

"ಬ್ಯಾರೇದ್ರಾಗೆ ಕುಂತ್ರೆ ಈ ಬಣ್ಣ ನಿಮ್ ಕೈಗೆ ಬತ್ತದಾ ಮೇಡಂ? ಮಿಷನ್ ಲಕ್ಷ್ಮಿ, ಅದ್ನ ಬದ್ಲಾಯ್ಸಕಾಗಾಕಿಲ್ಲ. ನಿಮ್ ಕಣ್ಣ ಬದ್ಲಾಯ್ಸಣ. ಆಪರೇಸನ್ ಆದ್ರೂ ಸೈ, ಕಂಪ್ನಿ ಖರ್ಚು."

ಅದೇ ತಿಂಗಳು ಬಿಟ್ಟೆ. ಮತ್ತೆ ಊರೂರು, ಮತ್ತೆ ಬೇರೆ ಬೇರೆ ಗಾಜು. ಕಣ್ಣು ಪೂರ್ತಿ ಹೋಗಲಿಲ್ಲ. ಕನ್ನಡಕ ಮಾತ್ರ ಸೋಡಾ ಬಾಟಲಿಯ ತಳದಷ್ಟು ದಪ್ಪವಾಯಿತು.

ಕೆಲವು ವರ್ಷಗಳ ಮೇಲೆ, ಯುರೋಪಿನ ಒಂದು ವಿಮಾನ ನಿಲ್ದಾಣದಲ್ಲಿ ಹೊತ್ತು ಕಳೆಯುತ್ತ ಒಂದು ಆಟಿಕೆ ಅಂಗಡಿಗೆ ನುಗ್ಗಿದೆ. ಗಾಜಿನ ಕಪಾಟಿನಲ್ಲಿ, ಅದಕ್ಕೇ ಬೇರೆ ದೀಪ ಹಾಕಿ, ನನ್ನ ಬಾತುಕೋಳಿಯನ್ನು ನಿಲ್ಲಿಸಿದ್ದರು. ಹಳದಿ ಮೈ, ಕೊಳೆತ ಹಸಿರು ಕುತ್ತಿಗೆ, ನೇರಳೆ ತಲೆ. ಕುತ್ತಿಗೆಗೆ ಕಟ್ಟಿದ್ದ ಚೀಟಿಯನ್ನು ಮೂಗಿನ ತುದಿಗೆ ಹಿಡಿದು ಓದಿದೆ. ದಕ್ಷಿಣ ಭಾರತದ ಕುಶಲಕರ್ಮಿಗಳು ತಲೆತಲಾಂತರದಿಂದ ಗುಟ್ಟಾಗಿ ಕಾಪಾಡಿಕೊಂಡು ಬಂದಿರುವ ಮುಸ್ಸಂಜೆಯ ಬಣ್ಣ, ಅಂತ ಇತ್ತು.

ಅಂಗಡಿಯ ಹುಡುಗಿ ಪಕ್ಕಕ್ಕೆ ಬಂದು, ನೀವು ಆ ಕಡೆಯವರಾ ಅಂತ ಕೇಳಿದಳು. ಹೌದು ಅಂದೆ. ಎಲ್ಲರೂ ಇದನ್ನೇ ಕೇಳುತ್ತಾರೆ, ನಮಗಂತೂ ಹೇಳಲು ಬರುವುದಿಲ್ಲ, ಈ ನೇರಳೆಯನ್ನು ನಿಮ್ಮವರು ಹೇಗೆ ತರುತ್ತಾರೆ ಅಂದಳು.

"ಬಸ್ಸಿನ ಟಾಪಿನಿಂದ ಕೆಳಕ್ಕೆ ಬೀಳಿಸುತ್ತಾರೆ" ಅಂದೆ.